ಅರಳುಮರಳು ಮತ್ತು ಶುಶ್ರೂಷೆಯ ಪಾಠ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ನುಡಿಯ ದೃಷ್ಟಿಯಿಂದ ಅದು ಸೊಗಸಾದ ಜೋಡಿಪದವೇ ಹೌದು. ಆದರೆ ಮುಪ್ಪಿನಲ್ಲಿ ಬುದ್ಧಿ ಕೆಡುವುದು ಸಹಜವೆಂದು ಅದು ಮನೆಮಂದಿಯನ್ನು ನಂಬಿಸಿಬಿಡುತ್ತದೆ. ವೈದ್ಯರು ಡಿಮೆನ್ಷಿಯ ಎಂದು ಕರೆಯುವ ಈ ಮರೆವು ಮುಪ್ಪಿನ ಧರ್ಮವಲ್ಲ, ಮೆದುಳಿನ ರೋಗ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದರ ಪ್ರಕಾರ, ಅರವತ್ತು ತುಂಬಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಇದಕ್ಕೆ ಈಡಾಗಿದ್ದಾರೆ. ಉಳಿದ ತೊಂಬತ್ತೆರಡು ಮಂದಿಯ ವಿಷಯದಲ್ಲಿ ಗಾದೆ ಸುಳ್ಳಾಯಿತಲ್ಲವೇ?

ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿದ್ಯಾಲಯವು ಆರಂಭವಾಯಿತು. ಅಲ್ಲಿ ಶುಶ್ರೂಷಾ ವಿದ್ಯಾಲಯವೂ ಉಂಟು. ಇಂಥ ಸಂಸ್ಥೆಗಳಲ್ಲಿ ಕಲಿತ ತರುಣ ತರುಣಿಯರೇ ನಾಳೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಆಸ್ಪತ್ರೆಗಳಲ್ಲಿ ನಿಮ್ಮ ಹಿರಿಯರ ಮಗ್ಗುಲಲ್ಲಿ ನಿಲ್ಲತಕ್ಕವರು. ಅವರು ಏನನ್ನು ಕಲಿತು ಬರಬೇಕು?

ಮೊದಲ ಪಾಠ, ಮರೆವಿಗೂ ಸನ್ನಿಗೂ ಇರುವ ಭೇದ. ಮರೆವಿನ ರೋಗ ಸಾಮಾನ್ಯವಾಗಿ ತಿಂಗಳು ವರ್ಷಗಳಲ್ಲಿ ಮೆಲ್ಲನೆ ಏರುತ್ತದೆ. ನಿನ್ನೆಯವರೆಗೆ ನೆಟ್ಟಗಿದ್ದ ಹಿರಿಯರು ಇಂದು ದಿಕ್ಕುಗೆಟ್ಟು ಮಾತನಾಡತೊಡಗಿದರೆ, ಅದಕ್ಕೆ ಮೂತ್ರದ ಸೋಂಕೋ, ಮೈಯಲ್ಲಿ ನೀರಿನ ಕೊರತೆಯೋ, ಔಷಧಿಯ ದೋಷವೋ ಕಾರಣವಿರಬಹುದು. ಬೇಗ ಕಂಡುಕೊಂಡರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ‘ವಯಸ್ಸಾಯಿತು, ಅರಳುಮರಳು’ ಎಂದು ಸುಮ್ಮನಿರುವುದು ಇಲ್ಲಿ ಘಾತಕ.

ಎರಡನೆಯದು ಪ್ರಶ್ನೆ ಕೇಳುವ ಬಗೆ. ಪುಸ್ತಕದ ಪರೀಕ್ಷೆಗಳು ತಾರೀಖು, ಓದು, ಬರೆಹಗಳನ್ನು ಕೇಳುತ್ತವೆ. ಶಾಲೆಯ ಮುಖ ಕಾಣದ ಅಜ್ಜಿಗೆ ತಾರೀಖು ತಿಳಿಯದಿದ್ದರೆ ಅದು ರೋಗವಲ್ಲ. ಅಮಾವಾಸ್ಯೆ ಎಂದು, ಆರಿದ್ರೆ ಮಳೆ ಕಳೆಯಿತೇ, ಮುದ್ದೆ ತೊಳಸುವ ಕ್ರಮ ಮೊದಲಿನಂತೆ ನೆನಪಿದೆಯೇ ಎಂದು ವಿಚಾರಿಸಬೇಕು. ಆರು ತಿಂಗಳಲ್ಲಿ ಏನು ಬದಲಾಯಿತೆಂದು ಮನೆಯವರನ್ನೂ ಕೇಳಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿನ. ಈ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಬಹುಕಾಲ ಉಳಿಯುತ್ತದೆ. ಪಾಂಡವಪುರದ ವೃದ್ಧರೊಬ್ಬರು ಸಂಜೆಯಾಗುತ್ತಲೇ ‘ಹಿರೋಡೆಗೆ ಹೊರಡಬೇಕು’ ಎಂದು ಹಟ ಹಿಡಿದರೆನ್ನಿ. ಹೊರಗಿನಿಂದ ಬಂದ ವಿದ್ಯಾರ್ಥಿನಿಗೆ ಅದು ಹುಚ್ಚುಮಾತಾಗಿ ತೋರೀತು. ಹಿರೋಡೆ, ಫ್ರೆಂಚ್ ರಾಕ್ಸ್ ಎಂಬುವು ಆ ಊರಿನ ಹಳೆಯ ಹೆಸರುಗಳೆಂದು ಬಲ್ಲವಳು ತಿದ್ದಲು ಹೋಗುವುದಿಲ್ಲ. ‘ಅಲ್ಲಿ ಯಾರಿದ್ದಾರೆ ತಾತ?’ ಎಂದು ಕೇಳುತ್ತಾಳೆ. ವಾದಿಸಿದರೆ ಅವರ ಭಯ ಬೆಳೆಯುತ್ತದೆ. ಆಲಿಸಿದರೆ ಮನಸ್ಸು ತಣಿಯುತ್ತದೆ. ರೋಗಕ್ಕಿಂತ ಮೊದಲು ವ್ಯಕ್ತಿಯನ್ನು ಕಾಣಬೇಕೆಂದು ಇಂಗ್ಲೆಂಡಿನ ಟಾಮ್ ಕಿಟ್‌ವುಡ್ 1997ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದು ಇದನ್ನೇ.

ಈ ಮೂರನೆಯ ಪಾಠಕ್ಕೆ ಪಠ್ಯ ಒದಗಿಸಬೇಕಾದವರು ನೀವು. ಹಿರಿಯರನ್ನು ಆಸ್ಪತ್ರೆಗೆ ಸೇರಿಸುವಾಗ ಔಷಧಿಗಳ ಚೀಟಿಯೊಡನೆ ಇನ್ನೊಂದು ಹಾಳೆಯನ್ನೂ ಕೊಡಿ. ಅವರನ್ನು ಮನೆಯಲ್ಲಿ ಕರೆಯುವ ಹೆಸರು, ಹುಟ್ಟಿದ ಊರು, ಮಾಡಿದ ಕಸುಬು, ಮನೆದೇವರು, ಮೆಚ್ಚಿನ ಊಟ, ಅಂಜುವ ಸಂಗತಿ, ಇಷ್ಟನ್ನು ಅದರಲ್ಲಿ ಬರೆದಿರಲಿ. ನೆನಪು ಸೋತವರ ಪರವಾಗಿ ನೆನಪಿಟ್ಟುಕೊಳ್ಳುವ ಕೆಲಸವನ್ನು ದಾದಿಯೊಬ್ಬಳೇ ಮಾಡಲಾರಳು.