ಅಳತೆಯ ವಿದ್ಯೆಗೆ ಕಾಲೇಜನ್ನು ಆರಿಸುವ ಬಗೆ

ದ್ವಿತೀಯ ಪಿ.ಯು.ಸಿ.ಯ ಫಲಿತಾಂಶವೂ ಸಿ.ಇ.ಟಿ.ಯ ರ‍್ಯಾಂಕೂ ಪ್ರಕಟವಾದ ದಿನಗಳಲ್ಲಿ ನಮ್ಮ ನಾಡಿನ ಅನೇಕ ಮನೆಗಳಲ್ಲಿ ರಾತ್ರಿಯೂಟ ಮುಗಿದರೂ ಮಾತು ಮುಗಿಯುವುದಿಲ್ಲ. ಯಾವ ಕಾಲೇಜು, ಯಾವ ಶಾಖೆ, ಎಷ್ಟು ಹಣ ಎಂಬ ಮೂರು ಪ್ರಶ್ನೆಗಳೇ ಮರಳಿ ಮರಳಿ ಏಳುತ್ತವೆ. ಶಾಖೆಗಳ ಪಟ್ಟಿಯ ನಡುವೆಲ್ಲೋ ಕಾಣುವ ‘ಇನ್‌ಸ್ಟ್ರುಮೆಂಟೇಷನ್’ ಎಂಬ ಹೆಸರು ಆಗ ಗೃಹಸ್ಥರನ್ನು ತಡೆದು ನಿಲ್ಲಿಸುವುದುಂಟು. ಇದೆಂತಹ ವಿದ್ಯೆ? ಇದನ್ನು ಚೆನ್ನಾಗಿ ಕಲಿಸುವ ಕಾಲೇಜನ್ನು ಗುರುತಿಸುವುದು ಹೇಗೆ? ಈ ಎರಡು ವಿಷಯಗಳನ್ನು ಕುರಿತು ನಮಗೆ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಮುಂಜಾನೆ ನಾವು ಕೊಳ್ಳುವ ಹಾಲನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಡೇರಿಯಲ್ಲಿ ಹಾಲನ್ನು ಸಾಮಾನ್ಯವಾಗಿ ೭೨ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ, ೧೫ ಸೆಕೆಂಡುಗಳ ಕಾಲ ಅದೇ ಕಾವಿನಲ್ಲಿರಿಸಿ, ಒಡನೆಯೇ ತಣಿಸುತ್ತಾರೆ. ಕಾವು ಸಾಲದಿದ್ದರೆ ರೋಗಾಣುಗಳು ಉಳಿದಾವು. ಆದುದರಿಂದ ಕೊಳವೆಯಲ್ಲಿ ಹರಿಯುವ ಹಾಲಿನ ಕಾವನ್ನು ಒಂದು ಉಪಕರಣವು ಎಡೆಬಿಡದೆ ಅಳೆಯುತ್ತಿರುತ್ತದೆ. ಕಾವು ಗೊತ್ತಾದ ಮಟ್ಟಕ್ಕಿಂತ ಇಳಿದೊಡನೆ ಕವಾಟವೊಂದು ತಾನಾಗಿ ತಿರುಗಿ, ಸಾಕಷ್ಟು ಕಾಯದ ಹಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಕಾವು, ಒತ್ತಡ, ಹರಿವು, ಮಟ್ಟ ಇವುಗಳನ್ನು ಅಳೆಯುವುದೂ, ಆ ಅಳತೆಗೆ ತಕ್ಕಂತೆ ಯಂತ್ರವನ್ನು ಹತೋಟಿಯಲ್ಲಿಡುವುದೂ ಈ ವಿದ್ಯೆಯ ಸಾರ. ಮಂಗಳೂರಿನ ಎಣ್ಣೆ ಶುದ್ಧೀಕರಣಾಗಾರ, ರಾಯಚೂರಿನ ವಿದ್ಯುತ್ ಕೇಂದ್ರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇವಾವುವೂ ಇದಿಲ್ಲದೆ ಒಂದು ದಿನವೂ ನಡೆಯಲಾರವು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟ ಮೊದಲ ಸಂಸ್ಥೆಗಳಲ್ಲಿ, ಸಿ. ರಾಜಮ್ ಅವರು ೧೯೪೯ರಲ್ಲಿ ಮದ್ರಾಸಿನ ಕ್ರೋಮ್‌ಪೇಟೆಯಲ್ಲಿ ಸ್ಥಾಪಿಸಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯು ಗಣ್ಯವಾದುದು. ನಮ್ಮಲ್ಲಿ ಬೆಂಗಳೂರಿನ ಬಿ.ಎಂ.ಎಸ್., ಆರ್.ವಿ., ಎಂ.ಎಸ್. ರಾಮಯ್ಯ ಮೊದಲಾದ ಕಾಲೇಜುಗಳಲ್ಲಿ ಈ ಶಾಖೆಯು ಬಹುಕಾಲದಿಂದ ನಡೆದುಬಂದಿದೆ. ಹೆಸರಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅವಶ್ಯಕ. ೧೯೯೮ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇದು ‘ಇನ್‌ಸ್ಟ್ರುಮೆಂಟೇಷನ್ ಟೆಕ್ನಾಲಜಿ’ ಎನ್ನಿಸಿಕೊಂಡು, ‘ಐ.ಟಿ.’ ಎಂಬ ಎರಡೇ ಅಕ್ಷರಗಳಲ್ಲಿ ಬರೆಯಲ್ಪಡುತ್ತಿತ್ತು. ಗಣಕದ ‘ಐ.ಟಿ.’ಯೇ ಬೇರೆ, ಇದೇ ಬೇರೆ. ಈಚೆಗೆ ಅನೇಕ ಕಡೆ ‘ಎಲೆಕ್ಟ್ರಾನಿಕ್ಸ್ ಮತ್ತು ಇನ್‌ಸ್ಟ್ರುಮೆಂಟೇಷನ್’ ಎಂಬ ಹೆಸರೇ ಬಳಕೆಯಲ್ಲಿದೆ. ಕಾಲೇಜುಗಳು ಶಾಖೆಗಳನ್ನು ತೆರೆಯುವುದೂ ಮುಚ್ಚುವುದೂ ಉಂಟಾದುದರಿಂದ, ಆಯಾ ವರ್ಷದ ಸೀಟುಗಳ ಪಟ್ಟಿಯನ್ನು ನೋಡಿಯೇ ಮುಂದುವರಿಯತಕ್ಕುದು.

ಇನ್ನು ಕಾಲೇಜಿನ ಪರೀಕ್ಷೆ. ಅಳತೆಯ ವಿದ್ಯೆಯನ್ನು ಪುಸ್ತಕದಿಂದ ಮಾತ್ರ ಕಲಿಯುವುದು, ದಡದಲ್ಲಿ ಕುಳಿತು ಈಜು ಕಲಿತಂತೆ. ಆದುದರಿಂದ ಕಟ್ಟಡದ ಮುಂಭಾಗವನ್ನು ನೋಡಿ ಹಿಂದಿರುಗದೆ, ಪ್ರಯೋಗಶಾಲೆಯನ್ನು ತೋರಿಸಿರೆಂದು ವಿನಯದಿಂದ ಕೇಳಬೇಕು. ತೊಟ್ಟಿಯ ಮಟ್ಟವನ್ನೂ, ನೀರಿನ ಹರಿವನ್ನೂ, ಕುಲುಮೆಯ ಕಾವನ್ನೂ ಹತೋಟಿಯಲ್ಲಿಡುವ ಮಾದರಿಗಳು ಅಲ್ಲಿವೆಯೆ? ಕಾರ್ಖಾನೆಗಳಲ್ಲಿ ಯಂತ್ರಗಳನ್ನು ನಡೆಸುವ ಪಿ.ಎಲ್.ಸಿ. ಎಂಬ ಸಾಧನವಿದೆಯೆ? ಒಂದೊಂದರ ಸುತ್ತ ಎಷ್ಟು ಮಂದಿ ವಿದ್ಯಾರ್ಥಿಗಳು ನಿಲ್ಲುತ್ತಾರೆ? ಒಬ್ಬನು ಮುಟ್ಟಿ ಒಂಬತ್ತು ಮಂದಿ ನೋಡುವ ಕಡೆ ಕಲಿಯುವವನು ಒಬ್ಬನೇ. ಉಪಕರಣಗಳನ್ನು ಹಿಂದೆ ಯಾವಾಗ ಸರಿಹೋಲಿಸಿ ನೋಡಿದರೆಂಬ ದಿನಾಂಕದ ಚೀಟಿ ಅವುಗಳ ಮೇಲಿದ್ದರೆ ಅದು ಶುಭಲಕ್ಷಣ. ಧೂಳೇ ಇದ್ದರೆ ಹೆಚ್ಚೇನೂ ಹೇಳಬೇಕಾದುದಿಲ್ಲ.

ಮತ್ತೊಂದು ಸುಲಭವಾದ ಪರೀಕ್ಷೆಯುಂಟು. ಕಾರ್ಖಾನೆಗಳಲ್ಲಿ ಅಳತೆಯನ್ನು ತಂತಿಯ ಮೂಲಕ ತಿಳಿಸಲು ೪ರಿಂದ ೨೦ ಮಿಲಿಆಂಪಿಯರ್ ವಿದ್ಯುತ್ತನ್ನು ಬಳಸುವ ರೂಢಿಯಿದೆ. ತೊಟ್ಟಿ ತುಂಬಿದ್ದರೆ ೨೦. ಬರಿದಾಗಿದ್ದರೆ ಸೊನ್ನೆಯಲ್ಲ, ೪. ತಂತಿಯೇ ಕಡಿದುಹೋದರೆ ಮಾತ್ರ ಸೊನ್ನೆ. ಬರಿದಾದ ತೊಟ್ಟಿಗೂ ಕಡಿದ ತಂತಿಗೂ ಇರುವ ಭೇದವು ಇದರಿಂದ ಕೂಡಲೇ ತಿಳಿಯುತ್ತದೆ. ಅಲ್ಲಿನ ಕೊನೆಯ ವರ್ಷದ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕಂಡು ‘ಸೊನ್ನೆಯನ್ನು ಬಿಟ್ಟು ನಾಲ್ಕೇ ಏಕೆ?’ ಎಂದು ಕೇಳಿ ನೋಡಿರಿ. ಕೈಯಾರೆ ತಂತಿ ಜೋಡಿಸಿದವರು ನಗುತ್ತಲೇ ಉತ್ತರ ಹೇಳುವರು. ಯಾರೂ ಹೇಳದಿದ್ದರೆ ಆ ಕಾಲೇಜಿನ ಪಾಠಕ್ರಮವನ್ನು ಸಂಶಯದಿಂದ ನೋಡಬೇಕಾಗುತ್ತದೆ.

ಮಾನ್ಯತೆಯ ಪತ್ರಗಳಲ್ಲಿಯೂ ಭೇದವುಂಟು. ‘ನ್ಯಾಕ್’ ಕೊಡುವ ದರ್ಜೆಯು ಇಡೀ ಕಾಲೇಜಿಗೆ ಸಂಬಂಧಿಸಿದುದು, ‘ಎನ್.ಬಿ.ಎ.’ ಮಾನ್ಯತೆಯು ಒಂದೊಂದು ಶಾಖೆಗೂ ಬೇರೆಬೇರೆಯಾಗಿ, ಗೊತ್ತಾದ ಅವಧಿಗೆ ಮಾತ್ರ ದೊರೆಯತಕ್ಕುದು. ಕಾಲೇಜಿಗೆ ಮಾನ್ಯತೆಯಿದೆಯೆಂಬ ಮಾತಿಗೆ ತೃಪ್ತರಾಗದೆ, ಈ ಶಾಖೆಗೆ ಈಗ ಇದೆಯೇ ಎಂದು ಕೇಳಬೇಕು. ೨೦೧೪ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು ಪಡೆದ ಮೇಲೆ, ಹೊರದೇಶಕ್ಕೆ ಹೋಗಬಯಸುವವರಿಗೆ ಇದರ ಬೆಲೆ ಹೆಚ್ಚಿದೆ.

ಉದ್ಯೋಗದ ಲೆಕ್ಕದಲ್ಲಿಯೂ ಅಳತೆಯ ನೀತಿಯನ್ನೇ ಅನುಸರಿಸೋಣ. ಒಂದೇ ಸಲದ ಅಳತೆಯನ್ನು ಜಾಣನು ನಂಬುವುದಿಲ್ಲ. ಅತ್ಯಧಿಕ ಸಂಬಳವೆಂದು ಜಾಹೀರಾತಿನಲ್ಲಿ ಅಚ್ಚಾಗುವುದು ಯಾರೋ ಒಬ್ಬನದು. ಈ ಶಾಖೆಯವರನ್ನು ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನಿಗೆ ಎಷ್ಟು ದೊರೆಯಿತು, ಎಷ್ಟು ಮಂದಿ ಉಪಕರಣಗಳ ಕೆಲಸಕ್ಕೇ ಹೋದರು, ಎಷ್ಟು ಮಂದಿ ಸಾಫ್ಟ್‌ವೇರಿಗೆ ತಿರುಗಿದರು ಎಂಬುದೇ ಕೇಳತಕ್ಕ ಪ್ರಶ್ನೆ. ‘ನಮ್ಮಲ್ಲಿ ಇಷ್ಟೇ’ ಎಂದು ನಿಜ ಹೇಳುವ ಉಪಾಧ್ಯಾಯರು ಸಿಕ್ಕಿದರೆ ಅವರನ್ನು ನಂಬಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಮನೆಯಲ್ಲಿಯೇ ಆಗಬೇಕಾದುದು. ಗಣಕಶಾಖೆಯ ಸೀಟು ಕೈತಪ್ಪಿದಾಗ ಹೆಸರಾಂತ ಕಾಲೇಜೊಂದೇ ಸಾಕೆಂದು ಮಕ್ಕಳನ್ನು ಈ ಶಾಖೆಗೆ ಸೇರಿಸುವವರು ಕಡಮೆಯೇನಲ್ಲ. ಹಾಗೆ ಸೇರಿದವರಲ್ಲಿ ಈ ವಿದ್ಯೆಯನ್ನು ಒಲಿಸಿಕೊಂಡವರೂ ಉಂಟು, ನಾಲ್ಕು ವರ್ಷ ನಿಟ್ಟುಸಿರಿನಲ್ಲಿ ಕಳೆದವರೂ ಉಂಟು. ಹೊಲ ಒತ್ತೆಯಿಟ್ಟೋ ಬ್ಯಾಂಕಿನಲ್ಲಿ ಸಾಲ ಮಾಡಿಯೋ ಓದಿಸುವ ತಂದೆತಾಯಿಗಳು ಮೊದಲು ಮಗನನ್ನೋ ಮಗಳನ್ನೋ ಎದುರಿಗೆ ಕುಳ್ಳಿರಿಸಿಕೊಂಡು, ಕೆಟ್ಟ ಗಡಿಯಾರವನ್ನು ಬಿಚ್ಚಿ ನೋಡುವ ಕುತೂಹಲ ನಿನಗುಂಟೇ ಎಂದು ಕೇಳಲಿ. ಉಂಟೆಂದರೆ, ಹೆಸರು ಸ್ವಲ್ಪ ಕಡಮೆಯಾದರೂ ಪ್ರಯೋಗಶಾಲೆ ಜೀವಂತವಾಗಿರುವ ಕಾಲೇಜನ್ನೇ ಆರಿಸುವುದು ಲೇಸು. ಇಲ್ಲವೆಂದರೆ ಆ ಉತ್ತರವನ್ನೂ ಗೌರವಿಸಿ ಬೇರೆ ದಾರಿಯನ್ನು ನೋಡಬೇಕು. ಸಿ.ಇ.ಟಿ.ಯ ಆಯ್ಕೆಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಪರಿಶೀಲಿಸಿಯೇ ಸೀಟು ಹಂಚುತ್ತಾರೆ. ನೆರೆಯವರ ಮಾತಿಗೆ ಕಿವಿಗೊಡದೆ, ಮನೆಯವರು ಕೂಡಿ ನಿಶ್ಚಯಿಸಿದ ಕ್ರಮದಲ್ಲಿಯೇ ಅದನ್ನು ಬರೆಯುವುದು ಕ್ಷೇಮವೆಂದು ನಾವು ಭಾವಿಸುತ್ತೇವೆ.