ರಿವರ್ಬ್ ಇರಲಿ, ಹಾಡಿನ ಮಾತೂ ಕೇಳಿಸಲಿ

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ಕಾರ್ಯಕ್ರಮಗಳು ಭಜನೆ, ಭಾವಗೀತೆಗಳಿಲ್ಲದೆ ಪೂರ್ಣಗೊಳ್ಳುವುದಿಲ್ಲ. ಹಾಡಿದವರಿಗೆ ಶಾಲು, ಹೂಗುಚ್ಛ ನೀಡಿ ಗೌರವಿಸುತ್ತೇವೆ. ಸಭಾಗೃಹದ ಹಿಂದಿನ ಮೂಲೆಯಲ್ಲಿ ಮಿಕ್ಸರ್ ಮುಂದೆ ಕುಳಿತವನ ನೆನಪಾಗುವುದು ಮೈಕ್ ಕಿರುಚಿದಾಗ ಮಾತ್ರ. ಬ್ಯಾಂಕಿನ ಕೆಲಸ ಮುಗಿಸಿ ಲೋಕಲ್ ಹಿಡಿದು ದಹಿಸರಿಗೆ ಮರಳುವ ನಾನು ಹವ್ಯಾಸಕ್ಕಾಗಿ ಈ ಮೂಲೆಯ ಸೇವೆ ಮಾಡುತ್ತಾ ಬಂದವನು.

ಒಮ್ಮೆ ದಹಿಸರ್ ಪೂರ್ವದ ಸಭಾಗೃಹವೊಂದರಲ್ಲಿ ಮಕ್ಕಳ ಭಾವಗೀತೆ ಕಾರ್ಯಕ್ರಮವಿತ್ತು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಕನ್ನಡ ಹಾಡುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಕಲಿತಿದ್ದರು. ನಾನು ಉತ್ಸಾಹದಿಂದ ಡಿಜಿಟಲ್ ಮಿಕ್ಸರಿಗೆ ಲ್ಯಾಪ್‌ಟಾಪ್ ಜೋಡಿಸಿ, ದೊಡ್ಡ ದೇವಸ್ಥಾನದಲ್ಲಿ ಹಾಡಿದಂತೆ ಮೊಳಗುವ ರಿವರ್ಬ್ ಪ್ಲಗ್‌ಇನ್ ಹಾಕಿದ್ದೆ. ಎರಡನೇ ಹಾಡಿನ ನಡುವೆ ಲ್ಯಾಪ್‌ಟಾಪ್ ಸ್ತಬ್ಧವಾಯಿತು. ಅದರೊಂದಿಗೆ ಮೈಕಿನ ಧ್ವನಿಯೂ ನಿಂತಿತು. ಹುಡುಗಿ ಮಾತ್ರ ಧೃತಿಗೆಡದೆ ಹಾಡು ಮುಗಿಸಿದಳು. ನಾನು ಕ್ಷಮೆ ಕೇಳಲು ಹೋದಾಗ ಅವಳ ಅಜ್ಜಿ ಹೇಳಿದ್ದಿಷ್ಟೇ: "ಮೈಕ್ ಹೋದ ಮೇಲೆಯೇ ಮಗುವಿನ ಮಾತು ತಿಳಿದದ್ದು ಮಾರಾಯ್ರೆ."

ನಾನು ಮಾಡಿದ ತಪ್ಪು ಒಂದಲ್ಲ, ಎರಡು ಎಂದು ಅಂದು ಅರಿವಾಯಿತು.

ಮೊದಲನೆಯದು ಜೋಡಣೆಯ ತಪ್ಪು. ಗಾಯಕರ ಧ್ವನಿಯನ್ನೇ ಲ್ಯಾಪ್‌ಟಾಪಿನೊಳಗಿಂದ ಹಾಯಿಸಿ ಸ್ಪೀಕರಿಗೆ ಕಳುಹಿಸಿದ್ದೆ. ಇದಕ್ಕೆ ಇನ್ಸರ್ಟ್ ಎನ್ನುತ್ತಾರೆ. ಹೀಗಿದ್ದಾಗ ಲ್ಯಾಪ್‌ಟಾಪ್ ಕೈಕೊಟ್ಟರೆ ಹಾಡೂ ಹೋಗುತ್ತದೆ. ಸರಿಯಾದ ಕ್ರಮವೆಂದರೆ ಮೂಲ ಧ್ವನಿ ಮಿಕ್ಸರಿನಿಂದ ನೇರವಾಗಿ ಸ್ಪೀಕರಿಗೆ ಹೋಗಬೇಕು. ಅದರ ಒಂದು ಪ್ರತಿಯನ್ನಷ್ಟೇ ಆಕ್ಸ್ ಸೆಂಡ್ ಮೂಲಕ ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಕಳುಹಿಸಿ, ಅಲ್ಲಿಂದ ಬರುವ ರಿವರ್ಬನ್ನು ಬೇರೆ ಚಾನೆಲ್‌ನಲ್ಲಿ ಸೇರಿಸಬೇಕು. ಪ್ಲಗ್‌ಇನ್‌ನಲ್ಲಿ 'ವೆಟ್' 100 ಶೇಕಡಾ, 'ಡ್ರೈ' ಸೊನ್ನೆ ಇರಬೇಕು. ಆಗ ಲ್ಯಾಪ್‌ಟಾಪ್ ನಿಂತರೂ ಹೋಗುವುದು ರಿವರ್ಬ್ ಮಾತ್ರ, ಹಾಡಲ್ಲ.

ಈ ಕ್ರಮದಿಂದ ಇನ್ನೊಂದು ಲಾಭವೂ ಇದೆ. ಕಂಪ್ಯೂಟರಿನೊಳಗೆ ಹೋಗಿ ಬರುವ ಧ್ವನಿ ತಡವಾಗುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳಿರುವಾಗ 128 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರುವ ಲೆಕ್ಕ, ಇತರ ವಿಳಂಬ ಕೂಡಿಸಿದರೆ 10ರ ಆಸುಪಾಸಿಗೆ ಬರಬಹುದು. ಮೂಲ ಧ್ವನಿಯೇ ಇಷ್ಟು ತಡವಾದರೆ ಹಾಡುವವರಿಗೆ ಕಿರಿಕಿರಿ. ರಿವರ್ಬ್ ಹೇಗೂ ಧ್ವನಿಯ ಹಿಂದಿನಿಂದ ಬರುವಂಥದ್ದು. 30 ಮಿಲಿಸೆಕೆಂಡ್ ಪ್ರೀ-ಡಿಲೇ ಬೇಕಿದ್ದಲ್ಲಿ 20 ಇಟ್ಟರೆ ಲೆಕ್ಕ ಸರಿಹೋಯಿತು.

ಎರಡನೆಯದು ಸಭಾಗೃಹವನ್ನೇ ಮರೆತ ತಪ್ಪು. ವಿಜಯಪುರದ ಗೋಲಗುಮ್ಮಟದಲ್ಲಿ ಕೂಗಿ ಬಂದವರಿಗೆ ಕಟ್ಟಡವೂ ಹಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡ್ ಗುಂಯ್‌ಗುಡುತ್ತಾ ಒಂದಕ್ಕೊಂದು ಬೆರೆಯುತ್ತಿತ್ತು. ಅಧ್ಯಾಪಕ ವಾಲೇಸ್ ಸಬೀನ್ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ತಂದಿರಿಸಿ, ಮೆತ್ತೆ ಹೆಚ್ಚಿದಷ್ಟೂ ಗುಂಗು ತಗ್ಗುವುದನ್ನು ಅಳೆದು ತೋರಿಸಿದರು. ಟೈಲ್ಸ್ ನೆಲ, ಬರಿಯ ಗೋಡೆಗಳ ನಮ್ಮ ಸಭಾಗೃಹಗಳಲ್ಲಿ ಗುಂಗು ಮೊದಲೇ ಇರುತ್ತದೆ. ಅದರ ಮೇಲೆ ನಾವೂ ಮೂರು ಸೆಕೆಂಡಿನ ರಿವರ್ಬ್ ಹಾಕಿದರೆ ಒಂದು ಪದದ ಬಾಲ ಮುಂದಿನ ಪದದ ತಲೆಯನ್ನು ಮುಚ್ಚಿಬಿಡುತ್ತದೆ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಭಾವಗೀತೆಗೆ ಒಂದೂವರೆ ಸೆಕೆಂಡ್ ಸಾಕು, ವೇಗದ ಭಜನೆಗೆ ಇನ್ನೂ ಕಡಿಮೆ. ರಿವರ್ಬ್ ಚಾನೆಲ್‌ನಲ್ಲಿ 250 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ತಬಲಾದೊಂದಿಗೆ ಕಲಸಿಹೋಗುವುದಿಲ್ಲ. ಲ್ಯಾಪ್‌ಟಾಪಿನಿಂದ ಬಂದ ಚಾನೆಲನ್ನು ಮರಳಿ ಅದೇ ಆಕ್ಸಿಗೆ ಕಳುಹಿಸಬಾರದು, ಅದು ಸುತ್ತು ಹೊಡೆದು ಕೂಗುತ್ತದೆ. ಅಧ್ಯಕ್ಷರ ಭಾಷಣದ ಹೊತ್ತಿಗೆ ರಿವರ್ಬ್ ಮ್ಯೂಟ್. ಖಾಲಿ ಸಭಾಗೃಹದಲ್ಲಿ ಮಾಡಿದ ಹೊಂದಾಣಿಕೆಯನ್ನು ಜನ ತುಂಬಿದ ಮೇಲೆ ಮತ್ತೊಮ್ಮೆ ನೋಡಬೇಕು, ಏಕೆಂದರೆ ಜನರೂ ಧ್ವನಿಯನ್ನು ಹೀರುತ್ತಾರೆ.

ಹಾಗಾದರೆ ಲ್ಯಾಪ್‌ಟಾಪ್ ಬೇಕೇ ಬೇಕೆ? ಬೆಹ್ರಿಂಗರ್ ಎಕ್ಸ್‌ಆರ್ 18ನಂತಹ ಸಣ್ಣ ಡಿಜಿಟಲ್ ಮಿಕ್ಸರಿನಲ್ಲಿಯೂ ನಾಲ್ಕು ಎಫೆಕ್ಟ್‌ಗಳು ಒಳಗೇ ಇವೆ. ನಮ್ಮ ಹೆಚ್ಚಿನ ಕಾರ್ಯಕ್ರಮಗಳಿಗೆ ಅವೇ ಸಾಕು. ಪ್ಲಗ್‌ಇನ್‌ನಲ್ಲಿ ಹೆಚ್ಚಿನ ಆಯ್ಕೆಗಳಿವೆ, ಮನೆಯಲ್ಲೇ ಅಭ್ಯಾಸ ಮಾಡಿ ಹೊಂದಿಸಿಕೊಂಡು ಬರಬಹುದು ಎಂಬುದು ನಿಜ. ಆದರೆ ಅದನ್ನು ಬಳಸುವ ದಿನವೂ ಮಿಕ್ಸರಿನ ಸ್ವಂತ ರಿವರ್ಬ್ ಒಂದನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಕಾರ್ಯಕ್ರಮಕ್ಕೆ ಮುನ್ನ ಧ್ವನಿ ಪರೀಕ್ಷೆಗೆ ಅರ್ಧ ಗಂಟೆ ಬಿಡಿ. ಹಿರಿಯರೊಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಹಾಡು ಹೇಗಿದೆ ಎಂದು ಕೇಳಬೇಡಿ, ಯಾವ ಮಾತು ಕೇಳಿಸಿತು ಎಂದು ಕೇಳಿ. ಈ ಊರಿನಲ್ಲಿ ಎಷ್ಟೋ ಮಕ್ಕಳ ಬಾಯಲ್ಲಿ ಕನ್ನಡ ಕೇಳಿಬರುವುದು ವರ್ಷಕ್ಕೊಮ್ಮೆ ಆ ವೇದಿಕೆಯ ಮೇಲೆ ಮಾತ್ರ. ಅದು ಅಜ್ಜಿಯ ಕಿವಿಗೆ ಸ್ಪಷ್ಟವಾಗಿ ತಲುಪಬೇಕು.