ಬಾವಿಯ ಈಜು, ಕಡಲ ಈಜು: ನೇತ್ರಾಣಿ ಯಾನದ ಸುತ್ತಲಿನ ತಪ್ಪು ಕಲ್ಪನೆಗಳು

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಸೀಮೆಯ ಜನರಿಗೆ ಈಜು ಹೊಸದಲ್ಲ. ಸೊಂಟಕ್ಕೆ ಬೆಂಡು ಅಥವಾ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಧುಮುಕಿ ಈಜು ಕಲಿತವರು ಇಲ್ಲಿ ಊರೂರಿಗೂ ಇದ್ದಾರೆ, ಮಾಲವಿ ಜಲಾಶಯವೂ ತುಂಗಭದ್ರೆಯ ಹಿನ್ನೀರೂ ಅವರಿಗೆ ಪರಿಚಿತವಾದವು. ಆದರೆ ಕಡಲು ಈ ಸೀಮೆಯವರಿಗೆ ಬಹುಕಾಲ ಗೋಕರ್ಣ, ಮುರುಡೇಶ್ವರ, ಧರ್ಮಸ್ಥಳಗಳ ಯಾತ್ರೆಯ ನಡುವೆ ದಡದಲ್ಲಿ ನಿಂತು ಕಾಲು ತೋಯಿಸಿಕೊಳ್ಳುವ ಜಾಗವಾಗಿಯೇ ಉಳಿದಿತ್ತು. ಈಚಿನ ವರ್ಷಗಳಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಕಡಲೊಳಗಿರುವ, ಭಟ್ಕಳ ತಾಲ್ಲೂಕಿಗೆ ಸೇರಿದ ನೇತ್ರಾಣಿ ದ್ವೀಪಕ್ಕೆ ಬೆಳಗಿನ ಹೊತ್ತು ಗೈಡ್‌ಗಳೊಡನೆ ಬೋಟಿನಲ್ಲಿ ಹೋಗಿ ಸ್ನಾರ್ಕೆಲಿಂಗ್ ಮಾಡಿ ಬರುವುದು ಈ ಯಾತ್ರೆಗೆ ಸೇರಿಕೊಂಡಿದೆ. ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದ ಕಡಲಿನ ದೃಶ್ಯಗಳನ್ನು ನೋಡಿದವರಲ್ಲಿ ಈ ಆಸೆ ಇನ್ನಷ್ಟು ಹೆಚ್ಚಿತು. ಸ್ನಾರ್ಕೆಲಿಂಗ್ ಎಂದರೆ ಕಣ್ಣು ಮೂಗುಗಳನ್ನು ಒಟ್ಟಿಗೆ ಮುಚ್ಚುವ ಗಾಜಿನ ಮಾಸ್ಕ್ ಧರಿಸಿ, ಬಾಯಲ್ಲಿ ಕಚ್ಚಿಕೊಂಡ ಬಾಗಿದ ಕೊಳವೆಯಿಂದ ಉಸಿರಾಡುತ್ತ, ನೀರಿನ ಮೇಲ್ಮೈಯಲ್ಲಿ ಬೋರಲಾಗಿ ತೇಲಿಕೊಂಡು ಕೆಳಗಿನ ಜೀವಲೋಕವನ್ನು ನೋಡುವುದು. ಈ ಸರಳ ಕ್ರಿಯೆಯ ಸುತ್ತ ಬಯಲುಸೀಮೆಯಲ್ಲಿ ಬೆಳೆದಿರುವ ನಂಬಿಕೆಗಳಲ್ಲಿ ಹೆಚ್ಚಿನವು ಬಾವಿಯಿಂದ ಕಡಲಿಗೆ ಹೊತ್ತು ತಂದವು. ಅವುಗಳಲ್ಲಿ ಕೆಲವು ಅನಗತ್ಯ ಭಯವನ್ನು ಹುಟ್ಟಿಸಿದರೆ, ಅದಕ್ಕಿಂತ ಕೆಡುಕಿನ ಇನ್ನು ಕೆಲವು ಭಯಪಡಬೇಕಾದಲ್ಲಿ ಧೈರ್ಯವನ್ನು ತುಂಬುತ್ತವೆ.

ಈಜು ಬಾರದವರು ಅತ್ತ ಮುಖ ಮಾಡುವಂತಿಲ್ಲ ಎಂಬುದು ಮೊದಲ ನಂಬಿಕೆ. ಸ್ನಾರ್ಕೆಲಿಂಗ್‌ಗೆ ಬೇಕಾಗಿರುವುದು ತೇಲುವಿಕೆ, ಮತ್ತು ಅದನ್ನು ಲೈಫ್ ಜಾಕೆಟ್ ಒದಗಿಸುತ್ತದೆ. ಅಲ್ಲದೆ ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುವುದರಿಂದ ಅದು ಬಾವಿಯ ನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರವಾಗಿದ್ದು, ಅದೇ ದೇಹವನ್ನು ಹೆಚ್ಚು ಸುಲಭವಾಗಿ ಎತ್ತಿ ಹಿಡಿಯುತ್ತದೆ. ಹೀಗಾಗಿ ಈಜು ಬಾರದವರೂ ಗೈಡ್ ಹಿಡಿದ ರಿಂಗನ್ನು ಹಿಡಿದುಕೊಂಡು ಹವಳ, ಮೀನುಗಳನ್ನು ನೋಡಿ ಬರಲು ಸಾಧ್ಯವಿದೆ. ಆದರೆ ಇದರಿಂದಲೇ ಹುಟ್ಟುವ ಎರಡನೆಯ ನಂಬಿಕೆ, ಅಂದರೆ ಜಾಕೆಟ್ ಹಾಕಿದ ಮೇಲೆ ಅಪಾಯವೇ ಇಲ್ಲವೆಂಬುದು, ಮೊದಲನೆಯದಕ್ಕಿಂತ ಹೆಚ್ಚು ಹಾನಿಕರವಾದುದು. ಜಾಕೆಟ್ ದೇಹವನ್ನು ತೇಲಿಸುತ್ತದೆಯೇ ಹೊರತು, ಗಾಬರಿಯನ್ನೂ ಕೊಳವೆಯೊಳಗೆ ನುಗ್ಗಿದ ನೀರನ್ನೂ ತಡೆಯುವುದಿಲ್ಲ. ಪಟ್ಟಿಗಳನ್ನು ಬಿಗಿಯಾಗಿ ಕಟ್ಟದಿದ್ದರೆ ಅದು ನೀರಿನಲ್ಲಿ ಮೇಲಕ್ಕೆ ಜಾರಿ ಕತ್ತಿನ ಸುತ್ತ ಸಿಕ್ಕಿಕೊಳ್ಳುತ್ತದೆ. ಕೊಳವೆಗೆ ನೀರು ಬಂದಾಗ ಜೋರಾಗಿ ಊದಿ ಹೊರಹಾಕುವುದನ್ನು ದಡದಲ್ಲಿಯೇ, ಎದೆಮಟ್ಟದ ನೀರಿನಲ್ಲಿ ನಿಂತು ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳುವುದು ಈಜು ಬಲ್ಲವರಿಗೂ ಅಗತ್ಯವಾದುದು.

ಬಾವಿಯಲ್ಲಿ ಪಳಗಿದವರಿಗೆ ಕಡಲು ಲೆಕ್ಕವಲ್ಲ ಎಂಬ ಮಾತೂ ಇದೇ ಜಾತಿಯದು. ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ, ಎತ್ತ ಹೊರಳಿದರೂ ಮೆಟ್ಟಿಲೋ ಗೋಡೆಯೋ ಕೈಗೆ ಸಿಗುತ್ತದೆ. ಕಡಲಿನಲ್ಲಿ ಈಜುಗಾರನು ಕೈಕಾಲು ಆಡಿಸದಿದ್ದರೂ ಸೆಳವು, ಅಂದರೆ ಒಂದು ದಿಕ್ಕಿಗೆ ಸಾಗುವ ನೀರಿನ ಹರಿವು, ಅವನನ್ನು ಬೋಟಿನಿಂದ ದೂರ ಒಯ್ಯುತ್ತಿರುತ್ತದೆ, ಮತ್ತು ಮುಖ ಕೆಳಗೆ ಮಾಡಿ ಮೀನು ನೋಡುವುದರಲ್ಲಿ ಮಗ್ನನಾದವನಿಗೆ ಆ ದೂರ ತಿಳಿಯುವುದಿಲ್ಲ. ಮುಳುಗುವವರು ಕೂಗಿ ಕರೆಯುತ್ತಾರೆ, ಕೈ ಬೀಸುತ್ತಾರೆ ಎಂಬ ಸಿನಿಮಾ ಕಲಿಸಿದ ನಂಬಿಕೆಯೂ ಇದರೊಡನೆ ಕೂಡಿದಾಗ ಅಪಾಯ ಇಮ್ಮಡಿಯಾಗುತ್ತದೆ, ಏಕೆಂದರೆ ನಿಜವಾಗಿ ಮುಳುಗುತ್ತಿರುವವರು ಉಸಿರಿಗಾಗಿ ಹೆಣಗುತ್ತ ಬಹುತೇಕ ಸದ್ದಿಲ್ಲದೆ ಮುಳುಗುತ್ತಾರೆ, ಕೂಗಲು ಬೇಕಾದ ಉಸಿರೇ ಅವರಲ್ಲಿರುವುದಿಲ್ಲ. ಗುಂಪಿನವರು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕೆಂದು ಗೈಡ್‌ಗಳು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ.

ಬಾವಿಯ ದಂಡೆಯಲ್ಲಿ ಹುಟ್ಟಿದ ನಂಬಿಕೆಗಳಲ್ಲೆಲ್ಲ ಅತ್ಯಂತ ಅಪಾಯಕಾರಿಯಾದುದು ಉಸಿರಿಗೆ ಸಂಬಂಧಿಸಿದ್ದು. ನೀರಿನಡಿ ಯಾರು ಹೆಚ್ಚು ಹೊತ್ತು ಇರುತ್ತಾರೆಂಬ ಪಂದ್ಯ ಹಳ್ಳಿಗಳಲ್ಲಿ ಹಳೆಯದು. ಮುಳುಗುವ ಮುನ್ನ ಹತ್ತಿಪ್ಪತ್ತು ಸಲ ಬಿರುಸಾಗಿ ದೀರ್ಘ ಉಸಿರು ಎಳೆದುಬಿಟ್ಟರೆ ಎದೆಯಲ್ಲಿ ಆಮ್ಲಜನಕ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ ಆ ಪಂದ್ಯದೊಂದಿಗೇ ಬಂದದ್ದು. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕವು ಸಾಮಾನ್ಯ ಉಸಿರಾಟದಲ್ಲಿಯೇ ಬಹುತೇಕ ತುಂಬಿರುವುದರಿಂದ ಈ ಬಿರುಸಿನ ಉಸಿರು ಅದನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ. ಅದು ಹೊರಹಾಕುವುದು ಇಂಗಾಲದ ಡೈಆಕ್ಸೈಡನ್ನು. ಮನುಷ್ಯನಿಗೆ ಉಸಿರು ಕಟ್ಟುವ ಅನುಭವ ಮುಖ್ಯವಾಗಿ ಬರುವುದು ಆಮ್ಲಜನಕ ಕಡಿಮೆಯಾದಾಗ ಅಲ್ಲ, ಈ ಅನಿಲ ಹೆಚ್ಚಾದಾಗ. ಅದನ್ನು ಮುಂಚಿತವಾಗಿ ಹೊರಹಾಕಿದವರಿಗೆ ಎಚ್ಚರಿಕೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕಿಂತ ಕೆಳಗಿಳಿದು ಯಾವ ಸೂಚನೆಯೂ ಇಲ್ಲದೆ ನೀರಿನಲ್ಲಿಯೇ ಪ್ರಜ್ಞೆ ತಪ್ಪುತ್ತದೆ. ಆಳದಿಂದ ಮೇಲೇರುವಾಗ ನೀರಿನ ಒತ್ತಡ ತಗ್ಗಿ ಶ್ವಾಸಕೋಶದಲ್ಲಿನ ಆಮ್ಲಜನಕದ ಒತ್ತಡವೂ ಕುಸಿಯುವುದರಿಂದ ಇಂಥ ಪ್ರಜ್ಞಾಹೀನತೆ ಎಷ್ಟೋ ಸಲ ಮೇಲ್ಮೈಯ ಸಮೀಪದಲ್ಲೇ ಸಂಭವಿಸುತ್ತದೆ. ಒಳ್ಳೆಯ ಈಜುಗಾರರೇ ಇದಕ್ಕೆ ಹೆಚ್ಚು ತುತ್ತಾಗುತ್ತಾರೆ ಎಂಬುದು ವಿಪರ್ಯಾಸವಾದರೂ ಸಹಜವೇ ಆಗಿದೆ, ಏಕೆಂದರೆ ಪಂದ್ಯ ಕಟ್ಟುವವರು ಅವರೇ.

ಕೊಳವೆ ಉದ್ದವಾದಷ್ಟೂ ಆಳಕ್ಕಿಳಿದು ಉಸಿರಾಡಬಹುದೆಂಬ ಊಹೆಗೂ ಹೀಗೆಯೇ ಒಂದು ಬಾವಿಯ ಆಟ ಮೂಲ. ಪಪ್ಪಾಯಿ ಎಲೆಯ ಟೊಳ್ಳು ತೊಟ್ಟನ್ನು ಬಾಯಲ್ಲಿಟ್ಟು ನೀರಿನಡಿ ಅಡಗಿ ಕೂರುವ ಹುಡುಗರಿಗೆ ಒಂದಡಿ ಆಳದಲ್ಲಿ ಅದು ಫಲಿಸುತ್ತದೆ ಕೂಡ. (ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಬೇಕಾಯಿತೇ ಹೊರತು ಜೊಂಡಿನ ಕೊಳವೆ ಸಾಕಾಗಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.) ನೀರಿನಲ್ಲಿ ಒಂದು ಮೀಟರ್ ಕೆಳಗಿಳಿದರೆ ದೇಹದ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 100 ಗ್ರಾಂ ಹೆಚ್ಚುವರಿ ಭಾರ ಬೀಳುತ್ತದೆ, ಎದೆಯ ಮುಂಭಾಗವನ್ನು 1000 ಚದರ ಸೆಂಟಿಮೀಟರ್ ಎಂದು ಹಿಡಿದರೆ ಅದು ಒಂದು ಕ್ವಿಂಟಲ್ ಜೋಳದ ಚೀಲವನ್ನು ಎದೆಯ ಮೇಲಿಟ್ಟು ಉಸಿರೆಳೆಯುವುದಕ್ಕೆ ಸಮವಾದೀತು. ಇದರ ಜೊತೆಗೆ, ಉದ್ದ ಕೊಳವೆಯಲ್ಲಿ ಬಿಟ್ಟ ಉಸಿರು ಹೊರಗೆ ಹೋಗುವ ಮುನ್ನವೇ ಮತ್ತೆ ಒಳಗೆ ಬರುತ್ತದೆ. ವಯಸ್ಕರ ಸ್ನಾರ್ಕೆಲ್ ಕೊಳವೆಯನ್ನು 40 ಸೆಂಟಿಮೀಟರಿನ ಒಳಗೇ ಇಡುವುದಕ್ಕೆ ಈ ಎರಡು ಕಾರಣಗಳಿವೆ.

ಬೋಟು ಬೆಳಿಗ್ಗೆಯೇ ಏಕೆ ಹೊರಡಬೇಕೆಂಬ ಪ್ರಶ್ನೆಗೆ, ಬಿಸಿಲು ತಪ್ಪಿಸಲು ಎಂಬುದು ಸಾಮಾನ್ಯ ಉತ್ತರ. ನಿಜವಾದ ಕಾರಣ ಗಾಳಿ. ಹಗಲೇರಿದಂತೆ ನೆಲವು ನೀರಿಗಿಂತ ಬೇಗ ಕಾಯುತ್ತದೆ, ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಕಡಲಗಾಳಿ ಎನಿಸಿಕೊಳ್ಳುವ ಇದು ಮಧ್ಯಾಹ್ನದ ಹೊತ್ತಿಗೆ ಬಲಗೊಂಡು ನೀರಿನ ಮೇಲ್ಮೈಯನ್ನು ಒರಟಾಗಿಸುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ನೆಲದಿಂದ ಕಡಲಿಗೆ ಮೆಲ್ಲನೆ ಬೀಸುತ್ತ, ಬೆಳಗಿನ ಹೊತ್ತು ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಅಲೆ ಸಣ್ಣದಾದಷ್ಟೂ ಕೊಳವೆಗೆ ನೀರು ನುಗ್ಗುವುದು ಕಡಿಮೆ, ಮರಳುವ ಬೋಟಿನ ಕುಲುಕಾಟವೂ ಕಡಿಮೆ. ಮಳೆ ಇಲ್ಲದ ದಿನ ಕಡಲು ಶಾಂತವಾಗಿರುತ್ತದೆಂಬ ಊಹೆ ಮಳೆನೆರಳಿನ ಸೀಮೆಯವರಿಗೆ ಸಹಜವಾದರೂ ಸರಿಯಲ್ಲ, ನೂರಾರು ಕಿಲೋಮೀಟರ್ ಆಚೆಯ ಬಿರುಗಾಳಿ ಎಬ್ಬಿಸಿದ ಉದ್ದಲೆಗಳು ತಿಳಿಯಾಕಾಶದ ಕೆಳಗೂ ಬಂದು ಬಡಿಯುತ್ತವೆ. ಮುಂಗಾರಿನಲ್ಲಿ ನೇತ್ರಾಣಿಯ ಯಾನ ನಿಂತಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಯಾನದ ಕಾಲ ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇವರೆಗಿನದು, ಹಾಗಾಗಿ ಕೊಟ್ಟೂರೇಶ್ವರನ ತೇರು, ಮೈಲಾರದ ಕಾರ್ಣಿಕ ಮುಗಿಸಿ ಹೊರಡುವವರಿಗೆ ಅದು ಅನುಕೂಲದ ಹೊತ್ತು.

ಬೋಟಿನಲ್ಲಿ ವಾಂತಿಯಾಗುವುದಕ್ಕೆ ಊಟವೇ ಕಾರಣ, ಆದ್ದರಿಂದ ಬರೀ ಹೊಟ್ಟೆಯಲ್ಲಿ ಹೋಗಬೇಕು ಎಂಬುದೂ ಅರ್ಧ ಸತ್ಯ. ಒಳಕಿವಿಯ ಸಮತೋಲನದ ಅಂಗ ದೇಹ ಅಲುಗಾಡುತ್ತಿದೆ ಎಂದು ಹೇಳುವಾಗ, ಬೋಟಿನೊಳಗೆ ನೆಟ್ಟ ಕಣ್ಣು ಎಲ್ಲವೂ ನಿಂತಿದೆ ಎಂದು ಹೇಳುತ್ತದೆ. ಈ ಎರಡು ಸಾಕ್ಷ್ಯಗಳ ವಿರೋಧದಿಂದ ಓಕರಿಕೆ ಹುಟ್ಟುತ್ತದೆ. ದೂರದ ದಿಗಂತವನ್ನು ನೋಡುವುದು, ಡೀಸೆಲ್ ಹೊಗೆಯಿಂದ ದೂರ ಕೂರುವುದು, ವೈದ್ಯರು ಹೇಳಿದ ಮಾತ್ರೆಯನ್ನು ಬೋಟು ಹತ್ತಿದ ಮೇಲಲ್ಲದೆ ಸಾಕಷ್ಟು ಮೊದಲೇ ನುಂಗುವುದು ಇದಕ್ಕೆ ಪರಿಹಾರ. ಖಾಲಿ ಹೊಟ್ಟೆ ಓಕರಿಕೆಯನ್ನು ಹೆಚ್ಚಿಸಬಹುದು. ಎರಡು ಇಡ್ಲಿ ಒಳ್ಳೆಯದು, ಮಂಡಕ್ಕಿ ಮಿರ್ಚಿಯನ್ನು ದಡಕ್ಕೆ ಮರಳಿದ ಮೇಲೆ ತಿನ್ನಬಹುದು.

ಇನ್ನು ನೀರಿನಡಿ ಕಾಣುವುದರ ಬಗ್ಗೆ. ಹವಳವೆಂದರೆ ಅಕ್ಕಸಾಲಿಗರ ಅಂಗಡಿಯಲ್ಲಿ ಸಿಗುವ, ಮಂಗಳ ಗ್ರಹದ ಶಾಂತಿಗೆಂದು ಉಂಗುರದಲ್ಲಿ ಧರಿಸುವ ಕೆಂಪು ಕಲ್ಲೆಂದು ತಿಳಿದವರು ನೇತ್ರಾಣಿಯಲ್ಲಿ ಕೆಂಪನ್ನು ಹುಡುಕಿ ನಿರಾಶರಾಗುತ್ತಾರೆ. ಹವಳ ಕಲ್ಲಲ್ಲ, ಸಸ್ಯವೂ ಅಲ್ಲ. ಪಾಲಿಪ್ ಎಂಬ, ಸುತ್ತಲೂ ಕರಬಳ್ಳಿಗಳುಳ್ಳ ಚಿಕ್ಕ ಪ್ರಾಣಿಗಳು ಗುಂಪಾಗಿ ಬದುಕುತ್ತ ತಮ್ಮ ಬುಡದಲ್ಲಿ ಸುಣ್ಣದ ಗೂಡನ್ನು ಕಟ್ಟಿಕೊಳ್ಳುತ್ತವೆ, ಆ ಗೂಡುಗಳ ರಾಶಿಯನ್ನೇ ಜನ ಕಲ್ಲೆಂದು ಕಾಣುವುದು. ಆಭರಣದ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಲ್ಲಿ ಬೆಳೆಯುವ ಬೇರೆಯದೇ ಬಗೆ. ನೇತ್ರಾಣಿಯ ಬಂಡೆಗಳನ್ನು ಹಿಡಿದು ಬೆಳೆದಿರುವ ಹವಳಗಳೋ ಬಿಸಿಲನ್ನು ಅವಲಂಬಿಸಿದವು, ಏಕೆಂದರೆ ಅವುಗಳ ಅಂಗಾಂಶದೊಳಗೆ ನೆಲೆಸಿದ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತವೆ, ಅದರ ಬಣ್ಣಕ್ಕೂ ಬಹುಮಟ್ಟಿಗೆ ಅವೇ ಕಾರಣ. ನೀರು ವಾಡಿಕೆಗಿಂತ ಬಿಸಿಯಾದಾಗ ಹವಳವು ಈ ಪಾಚಿಯನ್ನು ಹೊರದೂಡಿ ಬಿಳುಪಾಗುತ್ತದೆ. ಬಿಳುಪಾದದ್ದೆಲ್ಲ ಸತ್ತದ್ದಲ್ಲ, ಬಿಸಿ ಬೇಗ ಇಳಿದರೆ ಅದು ಚೇತರಿಸಿಕೊಳ್ಳಬಲ್ಲದು, ಆದರೆ ಬಹುಕಾಲ ಹಾಗೆಯೇ ಉಳಿದರೆ ಹಸಿವಿನಿಂದ ಸಾಯುತ್ತದೆ. ಜಗತ್ತಿನ ಕಡಲುಗಳಲ್ಲಿ ಇಂಥ ನಾಲ್ಕನೆಯ ವ್ಯಾಪಕ ಬಿಳುಪಾಗುವಿಕೆ ನಡೆದಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು.

ದಡಕ್ಕೆ ಬಿದ್ದ ಅಥವಾ ಸತ್ತ ಹವಳದ ತುಂಡನ್ನು ನೆನಪಿಗಾಗಿ ತಂದರೆ ತಪ್ಪಿಲ್ಲವೆಂಬ ನಂಬಿಕೆ ಕಾನೂನಿನ ಮುಂದೆ ನಿಲ್ಲದು. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದ್ದು, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಹವಳದ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವುದೂ ಅದನ್ನು ಕೊಂದಂತೆಯೇ, ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಜೀವಿಯ ಹಲವು ವರ್ಷಗಳ ದುಡಿಮೆ ಕಾಲಿಗೆ ತೊಟ್ಟ ಫಿನ್‌ನ ಒಂದು ಒದೆತಕ್ಕೆ ಮುರಿಯುತ್ತದೆ. ದ್ವೀಪದ ಮೇಲೆ ಇಳಿದು ತಿರುಗಾಡುವ ಆಸೆಯನ್ನೂ ಪ್ರವಾಸಿಗರು ದಡದಲ್ಲೇ ಬಿಡಬೇಕಾಗುತ್ತದೆ. ಕಡಲ ಹದ್ದುಗಳು ಗೂಡು ಕಟ್ಟುವ, ನೌಕಾಪಡೆಯು ಗುರಿ ಅಭ್ಯಾಸಕ್ಕೆ ಬಳಸಿದ ಈ ಬಂಡೆಗುಡ್ಡದ ಬಳಿ ಬೋಟು ಲಂಗರು ಹಾಕುತ್ತದೆ, ನೋಟವೆಲ್ಲ ನೀರಿನಿಂದಲೇ.

ಭಯದ ವಿಷಯಕ್ಕೆ ಬಂದರೆ, ಎಲ್ಲರೂ ಕೇಳುವುದು ಶಾರ್ಕಿನ ಬಗ್ಗೆ. ಹವಳದ ಬಂಡೆಗಳ ಸುತ್ತ ಸುಳಿಯುವ ಚಿಕ್ಕ ಶಾರ್ಕುಗಳು ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ಸರಿದು ಹೋಗುತ್ತವೆ. ಮೀನುಗಳಲ್ಲೆಲ್ಲ ಅತಿ ದೊಡ್ಡದಾದ ತಿಮಿಂಗಿಲ ಶಾರ್ಕ್ ತಿನ್ನುವುದು ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಮತ್ತು ಸಣ್ಣ ಮೀನುಗಳನ್ನು. ನಿಜವಾಗಿ ಗಾಯ ಮಾಡುವವು ಬಂಡೆಯ ಸಂದಿಯ ಕಡಲ ಮುಳ್ಳುಚೆಂಡು ಮತ್ತು ಕೈಯೂರಿದರೆ ಕೊಯ್ಯುವ ಹವಳದ ಅಂಚು, ಇವೆರಡೂ ಮುಟ್ಟದವರಿಗೆ ಏನೂ ಮಾಡುವುದಿಲ್ಲ. ನೀರಿನಲ್ಲಿರುವಾಗ ಬಿಸಿಲು ತಾಗದೆಂಬುದೂ ಸುಳ್ಳು, ತಂಪಿನಿಂದಾಗಿ ಸುಡುವುದು ತಿಳಿಯುವುದಿಲ್ಲವಷ್ಟೇ. ಬೋರಲಾಗಿ ತೇಲಿದವರ ಬೆನ್ನು ಸಂಜೆ ಉರಿಯತೊಡಗುತ್ತದೆ, ತುಂಬುತೋಳಿನ ಅಂಗಿ ಯಾವ ಕ್ರೀಮಿಗಿಂತಲೂ ಮೇಲು. ಕಂಡ ಮೀನಿನ ಗಾತ್ರವನ್ನು ಊರಿನಲ್ಲಿ ವರ್ಣಿಸುವವರು ಒಂದು ಲೆಕ್ಕವನ್ನು ಗಮನದಲ್ಲಿಡಬೇಕು: ಮಾಸ್ಕಿನ ಗಾಜಿನ ಹಿಂದಿನ ಗಾಳಿಯಿಂದಾಗಿ ಬೆಳಕು ಬಾಗಿ, ನೀರಿನೊಳಗಿನ ವಸ್ತುಗಳು ಮೂರರಲ್ಲೊಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತವೆ.

ಅದೇ ಬೋಟಿನಲ್ಲಿ ಸ್ಕೂಬಾ ಡೈವಿಂಗ್‌ಗೂ ಹೋಗುವವರಿರುವುದರಿಂದ ಎರಡನ್ನೂ ಒಂದೇ ಎಂದು ಬಗೆಯುವುದುಂಟು. ಸ್ಕೂಬಾದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುತ್ತಾರೆ, ಆ ಸಿಲಿಂಡರಿನಲ್ಲಿರುವುದು ಜನ ಹೇಳುವಂತೆ ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. ಶುದ್ಧ ಆಮ್ಲಜನಕವು ಸುಮಾರು 6 ಮೀಟರ್‌ಗಿಂತ ಆಳದಲ್ಲಿ ದೇಹಕ್ಕೆ ವಿಷವಾಗಬಲ್ಲದು. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿ ನಿಧಾನವಾಗಿ ಹೊರಬರುವುದರಿಂದ, ಒಂದೇ ಸಲ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನವೇರಬಾರದೆಂಬ ಮಾರ್ಗಸೂಚಿಯಿದೆ. ಅದು ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಅನ್ವಯಿಸುತ್ತದೆ. ಘಟ್ಟದ ಮೇಲಿನ ಸಾಗರ ಪಟ್ಟಣವೇ ಹೆಚ್ಚುಕಡಿಮೆ ಆ ಎತ್ತರದಲ್ಲಿರುವುದರಿಂದ, ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನವೇ ಊರಿನ ಗಾಡಿ ಹತ್ತುವ ಬಯಲುಸೀಮೆಯವರು ಹೊರಡುವ ಹೊತ್ತನ್ನು ಡೈವಿಂಗ್ ಶಿಕ್ಷಕರೊಡನೆ ಮಾತಾಡಿ ನಿರ್ಧರಿಸುವುದು ವಿವೇಕದ ಕ್ರಮ. ಮೇಲ್ಮೈಯ ಗಾಳಿಯನ್ನೇ ಉಸಿರಾಡಿ ಸ್ನಾರ್ಕೆಲಿಂಗ್ ಮಾತ್ರ ಮಾಡಿದವರಿಗೆ ಈ ನಿರ್ಬಂಧವಿಲ್ಲ, ಅವರು ಅಂದೇ ಘಟ್ಟ ಹತ್ತಬಹುದು.